ಎಡಗೆನ್ನೆಯ ಸೊಟ್ಟ ಗೆರೆ

ಓಯೊ ಪಟ್ಟಣದ ಮಸೀದಿಯಲ್ಲಿ ಬೆಳಗಿನ ಬಾಂಗ್ ಈಗಷ್ಟೇ ಮುಗಿದಿದೆ. ತಮ್ಮ ಮನೆಯ ಜಗಲಿಯ ಮೇಲೆ ಕೂತ ಕೆತ್ತನೆಗಾರ ಲಾವೊಯೆ ತೊಡೆಗಳ ನಡುವೆ ದೊಡ್ಡದೊಂದು ಸೋರೆ ಬುರುಡೆಯನ್ನು ಅವಚಿಕೊಂಡಿದ್ದಾರೆ. ಅದರ ಮೇಲೆ ಮುದುಕರೊಬ್ಬರ ಮುಖ ಮೂಡಿದೆ. ಟೊಪ್ಪಿಗೆ, ಹುಬ್ಬು, ಬಲಗೆನ್ನೆಯ ಕುಲದ ಗೆರೆಗಳು ಎಲ್ಲವೂ ಬಂದಿವೆ. ಎಡಗೆನ್ನೆ ಮಾತ್ರ ಖಾಲಿ. ಚೂರಿ ಅಲ್ಲಿಯವರೆಗೆ ಹೋಗುತ್ತದೆ, ತಾಗುವ ಮೊದಲೇ ವಾಪಸು ಬರುತ್ತದೆ. ಹೆಂಡತಿ ತಂದಿಟ್ಟ ಅಲಸಂದೆ ವಡೆ ಆರಿ ತಣ್ಣಗಾಗಿದೆ.

ಬುರುಡೆಯ ಮೇಲಿರುವವರು ಕಮ್ಮಾರ ಒಗುಂದೊಕುನ್. ಈ ಬೀದಿಯ ಕೆತ್ತನೆಗಾರರ ಚೂರಿಗಳೆಲ್ಲ ಅವರ ಕುಲುಮೆಯಲ್ಲಿ ಹುಟ್ಟಿದವು. ಈಗ ಅವರಿಗೆ ಕಣ್ಣು ಪೂರ್ತಿ ಹೋಗಿದೆ. ಇವತ್ತು ಮಧ್ಯಾಹ್ನ ಮಕ್ಕಳು ಊರನ್ನೆಲ್ಲ ಕರೆದು ಅವರನ್ನು ಸನ್ಮಾನಿಸಿ, ಈ ಬುರುಡೆಯನ್ನು ಕೈಗಿಡುತ್ತಾರೆ. ಕಣ್ಣಿಲ್ಲದವರಿಗೆ ಬಣ್ಣದ ಚಿತ್ರ ಕೊಟ್ಟು ಏನು ಬಂತು? ಕೊರೆದ ಮುಖವಾದರೆ ಬೆರಳಿಗಾದರೂ ಸಿಗುತ್ತದೆ.

ಎಳೆಯರ ಕೆನ್ನೆಯ ಮೇಲೆ ಕುಲದ ಗುರುತು ಕೊಯ್ಯುವುದು ಲಾವೊಯೆಯವರ ಮನೆತನದ ಕಸುಬು. ಒಗುಂದೊಕುನ್‌ರ ಕೆನ್ನೆ ಕೊಯ್ದವರು ಲಾವೊಯೆಯವರ ಅಪ್ಪ, ಕೈ ತಪ್ಪದ ಮನುಷ್ಯ ಎಂದು ಹೆಸರಾದವರು. ಆದರೆ ಎಡಗೆನ್ನೆಯ ಒಂದು ಗೆರೆ ಸೊಟ್ಟ. ಊರಿನ ಬಾಯಲ್ಲಿ ಅದಕ್ಕೆ ಉತ್ತರ ಸಿದ್ಧವಿದೆ: ಮಗು ಅಲುಗಾಡಿತು. ಲಾವೊಯೆಗೆ ಮಾತ್ರ ಅದು ಗಂಟಲಲ್ಲಿ ಇಳಿಯುವುದಿಲ್ಲ. ಮಗು ಅಲುಗಾಡಿದ್ದರೆ ಗೆರೆ ತಟ್ಟನೆ ಹರಿಯಬೇಕಿತ್ತು. ಇದು ನಿಧಾನವಾಗಿ ಬಾಗಿದೆ. ಇದ್ದದ್ದನ್ನು ಇದ್ದಂತೆ ಕೊರೆದರೆ ಕಸುಬು ಬಲ್ಲವರೆಲ್ಲ ಅಪ್ಪನ ಕೈಯ ತಪ್ಪನ್ನು ಓದಿಬಿಡುತ್ತಾರೆ.

ಗುರುತು ಹಾಕಿಸುವ ರೂಢಿ ನಿಂತ ಮೇಲೆ ಅದೇ ಚೂರಿ ಹಿಡಿತದಲ್ಲಿ ಬುರುಡೆ ಕೆತ್ತನೆಗೆ ಇಳಿದವರು ಲಾವೊಯೆ. "ಮುಖ ಆದ್ರೆ ಗಾಯ ಮಾಯುತ್ತೆ. ಬುರುಡೇಲಿ ಒಂದ್ಸಲ ಕೊಯ್ದ್ರೆ ಮುಗೀತು," ಎನ್ನುತ್ತಾರೆ. ಇಷ್ಟು ಅಗಲದ, ಹುಳ ಮುಟ್ಟದ ಬುರುಡೆ ಈ ವರ್ಷ ಮತ್ತೊಂದು ಸಿಕ್ಕಿಲ್ಲ.

ಬಿಸಿಲೇರುವ ಹೊತ್ತಿಗೆ ಕಮ್ಮಾರರ ಹಿರಿಮಗಳು ಅಬೆಕೆ ತಲೆವಸ್ತ್ರ ಬಿಗಿಯುತ್ತ ಬರುತ್ತಾಳೆ. ದೂರದೂರಿಂದ ಬೀಗರು ಬರುತ್ತಿದ್ದಾರೆ, ಫೋಟೊ ತೆಗೆಯುತ್ತಾರೆ, ಗೆರೆ ನೆಟ್ಟಗಿರಲಿ ಎಂಬುದು ಅವಳ ಒತ್ತಾಯ.

"ನಿಮ್ಮಪ್ಪನ ಮರ್ಯಾದೆನೂ ಉಳಿಯುತ್ತಲ್ಲ ಅಣ್ಣ. ಯಾರ ಗಂಟು ಹೋಗುತ್ತೆ?"

"ನಿಮ್ಮಪ್ಪನ ಬೆರಳಿಗೆ ನಾನೇನು ಹೇಳ್ಲಿ ತಂಗಿ?"

ಸೊಟ್ಟ ಮಾಡುವುದಾದರೆ ತರುವುದೇ ಬೇಡ ಎಂದು ಅವಳು ಮುಖ ಗಂಟಿಕ್ಕಿಕೊಂಡು ಹೋಗುತ್ತಾಳೆ. ಲಾವೊಯೆ ಮತ್ತೆ ಚೂರಿ ಎತ್ತಿಕೊಳ್ಳುತ್ತಾರೆ. ನೆಟ್ಟಗೆ ಎಳೆದರೆ ಎಲ್ಲರಿಗೂ ಖುಷಿ. ಹೆತ್ತ ತಂದೆಯ ಹೆಸರನ್ನು ಕೈಯಾರೆ ಕೆಡಿಸುವುದು ಯಾರಿಗೆ ಬೇಕು? ಅವರು ಅಂಗೈಯ ಬೆವರನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ. ಚೂರಿ ಕೆನ್ನೆಗೆ ಇಳಿಯುತ್ತದೆ, ನೇರ ಹೋಗುತ್ತದೆ, ಆಮೇಲೆ ನಿಧಾನವಾಗಿ ಬಾಗುತ್ತದೆ.

ಮಧ್ಯಾಹ್ನ ಚಪ್ಪರದಡಿ ಡೋಲಿನ ಸದ್ದು. ಅಬೆಕೆ ಬುರುಡೆಯನ್ನು ನೋಡಿ ತುಟಿ ಕಚ್ಚುತ್ತಾಳೆ. ಆದರೆ ಅಷ್ಟರಲ್ಲಿ ಲಾವೊಯೆ ಅದನ್ನು ಮುದುಕರ ತೊಡೆಯ ಮೇಲೆ ಇಟ್ಟಾಗಿದೆ. ಕುಲುಮೆಯಲ್ಲಿ ಸುಟ್ಟು ಗಟ್ಟಿಯಾದ ಬೆರಳು ಟೊಪ್ಪಿಗೆಯಿಂದ ಹುಬ್ಬಿಗೆ, ಹುಬ್ಬಿನಿಂದ ಎಡಗೆನ್ನೆಗೆ ಇಳಿಯುತ್ತದೆ. ಗೆರೆ ಬಾಗುವಲ್ಲಿ ನಿಲ್ಲುತ್ತದೆ. ಇನ್ನೊಂದು ಕೈ ತಮ್ಮದೇ ಕೆನ್ನೆಗೆ ಹೋಗುತ್ತದೆ. ಡೋಲಿನವರೂ ಕೈ ನಿಲ್ಲಿಸಿ ನೋಡುತ್ತಾರೆ.

"ನಾನೇ ಇದು," ಎನ್ನುತ್ತಾರೆ ಒಗುಂದೊಕುನ್. "ಮಗು ಅಲುಗಾಡ್ತು ಅಂತ ಊರಿಗೆಲ್ಲ ಹೇಳಿದ್ದು ನಮ್ಮವ್ವ ಕಣಪ್ಪ. ನಿಮ್ಮಪ್ಪ ಆಗಿನ್ನೂ ಕಸುಬಿಗೆ ಹೊಸಬ, ಅವನ ಅನ್ನಕ್ಕೆ ಕಲ್ಲು ಬೀಳಬಾರದು ಅಂತ."

ಲಾವೊಯೆಗೆ ಕಣ್ಣು ತುಂಬಿ ಬರುತ್ತದೆ. ಅದನ್ನು ಮುಚ್ಚಿಕೊಳ್ಳುವ ಗೋಜಿಗೂ ಅವರು ಹೋಗುವುದಿಲ್ಲ. ಬೀಗರಲ್ಲೊಬ್ಬರು ಬುರುಡೆಯತ್ತ ಬಾಗಿ, ಇಲ್ಲಿ ಚೂರಿ ಜಾರಿತೇ ಎಂದು ಕೇಳುತ್ತಾರೆ.

"ಇಲ್ಲ," ಎನ್ನುತ್ತಾರೆ ಲಾವೊಯೆ. "ನಮ್ಮಪ್ಪ ತಪ್ಪಿದ ಗೆರೆ ಅದು. ನಾನು ತಪ್ಪದೆ ಕೊರೆದಿದೀನಿ."