ಶಹಾಬಾದಿನ ಮಾಳಿಗೆಯ ಮೇಲೆ ಮಗಳ ಲಂಗೋಟಿ

ಬಟ್ಟೆ ತಾನಾಗಿಯೇ ಎದ್ದು ನಿಲ್ಲುವುದನ್ನು ನಾನು ಮೊದಲು ಕಂಡದ್ದು ಶಹಾಬಾದಿನಲ್ಲಿ. ಬೆಳಿಗ್ಗೆ ಒಗೆದು ಮಾಳಿಗೆಯ ತಂತಿಗೆ ಹಾಕಿದ್ದ ಮಗಳ ಲಂಗೋಟಿಯನ್ನು ಮಧ್ಯಾಹ್ನ ತೆಗೆಯಲು ಹೋದರೆ ಅದು ಕೈಯಲ್ಲಿ ಬಾಗಲೇ ಇಲ್ಲ. ತಮಾಷೆಗೆಂದು ನೆಲಕ್ಕೆ ಊರಿದೆ. ತಂತಿಯ ಮೇಲೆ ಮಡಚಿಕೊಂಡಿದ್ದ ಆಕಾರದಲ್ಲೇ ಪುಟ್ಟ ಗುಡಾರದ ಹಾಗೆ ನಿಂತುಬಿಟ್ಟಿತು. ಬಿಳಿಯಾಗಿ ಮೇಲೆ ಹೋದದ್ದು ಬೂದು ಬಣ್ಣವಾಗಿ ಇಳಿದಿತ್ತು. ಕೊಳ್ಳೇಗಾಲದಲ್ಲಿ ನನ್ನಮ್ಮ ಇಂಥದೇ ಹಳೆ ಪಂಚೆಯ ತುಂಡುಗಳನ್ನು ಒಗೆದು ಮಡಿಸಿಟ್ಟರೆ ಕೆನ್ನೆಗೆ ಒತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ಎಂಟು ತಿಂಗಳ ಇಂಚರಳಿಗೆ ಇದನ್ನು ಕಟ್ಟುವುದೂ ಒಂದೇ, ಹಪ್ಪಳ ಕಟ್ಟುವುದೂ ಒಂದೇ.

ಕೊಳ್ಳೇಗಾಲದ ಕಡೆಯವರಾದ ನಿಮಗೆ ಮೊದಲಿನಿಂದ ಹೇಳುತ್ತೇನೆ. ನನ್ನ ಹೆಂಡತಿ ಕವಿತಾ ರೈಲ್ವೆಯಲ್ಲಿ ಸಹಾಯಕ ಸ್ಟೇಷನ್ ಮಾಸ್ಟರ್. ವಾಡಿಯ ಹತ್ತಿರದ ಒಂದು ಸಣ್ಣ ನಿಲ್ದಾಣಕ್ಕೆ ಅವಳನ್ನು ಹಾಕಿದರು. ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕಾಯಿತು. ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದೆ, ಬಿಟ್ಟೆ. ಇದರಲ್ಲಿ ತ್ಯಾಗವೇನೂ ಇಲ್ಲ. ರೈಲನ್ನು ನಿಲ್ಲಿಸಿ ಕಳಿಸುವ ಕೆಲಸ ಅವಳಿಗೆ ಗೊತ್ತು, ಮಗುವನ್ನು ಮಲಗಿಸುವ ಕೆಲಸ ಅವಳಿಗಿಂತ ನನಗೆ ಚೆನ್ನಾಗಿ ಬರುತ್ತಿತ್ತು. ದರ್ಜಿಯಾಗಿದ್ದ ನನ್ನಪ್ಪನ ಹೊಲಿಗೆ ಮಿಷಿನ್ನನ್ನೂ ಸಾಮಾನಿನ ಜೊತೆ ತಂದೆವು.

ಅದಕ್ಕೆ ಹತ್ತಿರದ ಶಹಾಬಾದಿನಲ್ಲಿ ಬಾಡಿಗೆಗೆ ಸಿಕ್ಕಿದ ಮನೆ ಪೂರಾ ಕಲ್ಲಿನದು. ನೆಲ ಕಲ್ಲು, ಗೋಡೆಯ ಗೂಡು ಕಲ್ಲು, ಅಡುಗೆಕಟ್ಟೆ ಕಲ್ಲು, ಅಂಗಳದ ಬೇಲಿಯೂ ನಿಲ್ಲಿಸಿದ ಕಲ್ಲುಚಪ್ಪಡಿಗಳದು. ಇಲ್ಲಿಯವರು ಈ ಚಪ್ಪಡಿಗೆ ಫರಸಿ ಎನ್ನುತ್ತಾರೆ. ನಮ್ಮ ಕಡೆ ನಾಲ್ಕು ಚಪ್ಪಡಿ ತರಿಸಿ ನೆಲಕ್ಕೆ ಹಾಸಿದರೆ ಬಂದವರಿಗೆಲ್ಲ ತೋರಿಸುತ್ತೇವೆ. ಇಲ್ಲಿ ದನಕ್ಕೆ ನೀರಿಡುವ ತೊಟ್ಟಿಯೂ ಅದರದೇ. ಮನೆಯ ಯಜಮಾನತಿ ನೀಲಮ್ಮ ಕೆಳಗೆ ಇರುತ್ತಾರೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತು ನೆಟ್ಟಗೆ. ಮೊದಲ ದಿನ ನಾನೇನು ಕೆಲಸ ಮಾಡುತ್ತೇನೆಂದು ಕೇಳಿದರು. ಮಗುವನ್ನು ನೋಡಿಕೊಳ್ಳುತ್ತೇನೆ ಎಂದೆ. ನನ್ನ ಕನ್ನಡ ಅವರಿಗೆ ತಿಳಿಯಲಿಲ್ಲವೇನೋ ಎಂಬಂತೆ ಕವಿತಾಳ ಮುಖ ನೋಡಿ, ಅದನ್ನೇ ಅವಳನ್ನೂ ಕೇಳಿದರು.

ಕನ್ನಡ ತಿಳಿಯುವುದು ನಿಜಕ್ಕೂ ಎರಡೂ ಕಡೆಯ ಕಷ್ಟವಾಗಿತ್ತು. ಕನ್ನಡ ಕಲಿಸಿ ಅನ್ನ ತಿಂದ ನಾನು ಇಲ್ಲಿ ಮತ್ತೆ ಹಿಂದಿನ ಬೆಂಚಿನ ಹುಡುಗನಾದೆ. ನಮಗೆ ನೀರು ಬರುತ್ತದೆ. ಇವರಿಗೆ ನೀರು ಬರುತ್ತಾವೆ. ‘ನೀರ ಬಂದಾವ್ರಿ’ ಎಂದು ನೀಲಮ್ಮ ಕೂಗಿದಾಗ ಯಾರೋ ನೆಂಟರು ಬಂದಿದ್ದಾರೆಂದು ಶರ್ಟು ಹಾಕಿಕೊಂಡು ಕೆಳಗೆ ಓಡಿದವನು ನಾನು. ನಲ್ಲಿಯ ನೀರು ಬರುವುದೇ ಅಪರೂಪವಾದ ಊರಿನಲ್ಲಿ ಅದಕ್ಕೆ ಬಹುವಚನದ ಮರ್ಯಾದೆ ಸಲ್ಲಬೇಕಾದದ್ದೇ. ಉಳಿದ ದಿನಗಳಲ್ಲಿ ಬೋರಿನ ನೀರು. ಅದರಲ್ಲಿ ಸುಣ್ಣದ ಅಂಶ ಎಷ್ಟಿದೆಯೆಂದರೆ ಸೋಪು ನೊರೆಯಾಗುವ ಬದಲು ಮೊಸರಿನಂತೆ ಒಡೆಯುತ್ತದೆ.

ಇಂಥ ನೀರಿನಲ್ಲಿ ಬಟ್ಟೆಯ ಲಂಗೋಟಿ ಒಗೆಯುವ ಹಟ ಯಾಕೆಂದು ನೀವು ಕೇಳಬಹುದು. ಬಂದ ಹೊಸತರಲ್ಲಿ ನಾವೂ ಎಲ್ಲರಂತೆ ಅಂಗಡಿಯ ಡೈಪರನ್ನೇ ಹಾಕುತ್ತಿದ್ದೆವು. ಬೇಸಿಗೆ ಏರುತ್ತಿದ್ದಂತೆ ಇಂಚರಳ ತೊಡೆಯ ಸಂದಿಯಲ್ಲಿ ಕೆಂಪು ದದ್ದು ಎದ್ದಿತು. ಗಾಳಿಯಾಡಲಿ, ಒಣಗಿರಲಿ, ಮೆತ್ತನೆಯ ಬಟ್ಟೆಯಾದರೂ ಆಗುತ್ತದೆ ಎಂದರು ಡಾಕ್ಟರು. ಅದೇ ವಾರ ಇನ್ನೊಂದು ಆಯಿತು. ಓಣಿಯ ತುದಿಯ ಕಸದ ಗುಂಡಿಗೆ ನಾನು ಹಾಕಿ ಬಂದಿದ್ದ ಡೈಪರನ್ನು ಹಂದಿಯೊಂದು ಎಳೆದು ತಂದು ಕಿರಾಣಿ ಅಂಗಡಿಯ ಮುಂದೆ ಬಿಡಿಸಿತು. ಅಲ್ಲಿದ್ದ ಹತ್ತಾರು ಜನ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕಾಗದದಲ್ಲಿ ಸುತ್ತಿ ಎತ್ತಿಕೊಂಡು ಬಂದೆ. ಇನ್ನು ಮಗಳ ಹೊಲಸು ಬೇರೆಯವರ ಬಾಗಿಲಿಗೆ ಹೋಗುವುದಿಲ್ಲ ಎಂದು ಅವತ್ತೇ ಕವಿತಾಳಿಗೆ ಹೇಳಿದೆ. ‘ಒಗೆಯೋರು ಯಾರು? ನಾನಂತೂ ಡ್ಯೂಟಿಯಿಂದ ಬಂದು ಒಗೆಯಲ್ಲ’ ಎಂದಳು. ನಾನೇ ಎಂದೆ.

ಅಪ್ಪನ ಮಿಷಿನ್ನಿನಲ್ಲಿ ಹೊಲಿದೆ. ಹಳೆ ಪಂಚೆ ಒಳಗೆ ಪದರವಾಗಿ, ಮೇಲೊಂದು ಫ್ಲಾನಲ್ಲು, ಸೊಂಟಕ್ಕೆ ಕಟ್ಟಲು ಲಾಡಿ. ಹೊಲಿಗೆ ಚೆನ್ನಾಗಿಯೇ ಬಂತು. ನೀರು ಅದನ್ನು ಹಪ್ಪಳ ಮಾಡಿತು. ಹಾಗೇ ಕಟ್ಟಿದ್ದರಿಂದ ದದ್ದು ಇನ್ನಷ್ಟು ಕೆರಳಿತು. ಆ ದಿನ ಅವಳನ್ನು ಎತ್ತಿಕೊಂಡು ಮನೆ ತುಂಬ ಓಡಾಡುವಾಗ, ನನ್ನ ಹಟಕ್ಕೆ ಇವಳ ಚರ್ಮ ಸುಲಿಯಬೇಕೇ ಎಂದು ನನಗೂ ಅನ್ನಿಸಿತು. ಫೋನಿನಲ್ಲಿ ಅಳು ಕೇಳಿಸಿಕೊಂಡ ಅತ್ತೆ, ಕವಿತಾಳ ಅಮ್ಮ, ಮಗುವನ್ನು ಒಂದೆರಡು ವರ್ಷ ಕೊಳ್ಳೇಗಾಲದಲ್ಲಿ ತನ್ನ ಹತ್ತಿರ ಬಿಡಿ, ತಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದರು. ಕವಿತಾ ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಆ ಸುಮ್ಮನಿರುವಿಕೆ ನನ್ನನ್ನು ಹೆದರಿಸಿತು.

ನಾನು ಬಿಡಲಿಲ್ಲ. ಸೋಪನ್ನು ಕಡಿಮೆ ಮಾಡಿ ವಾಷಿಂಗ್ ಸೋಡಾ ಹಾಕಿ ನೋಡಿದೆ, ಅರ್ಧ ಗೆದ್ದೆ. ಕೊನೆಯ ನೀರಿಗೆ ನಿಂಬೆಹಣ್ಣು ಹಿಂಡಿ, ಆಮೇಲೆ ಬಟ್ಟೆ ಜಾಲಾಡಲು ಕುಡಿಯುವ ಕ್ಯಾನಿನ ನೀರಲ್ಲಿ ಒಂದು ಚೊಂಬು ಬಳಸಿದೆ, ಸುಣ್ಣ ಬಿಟ್ಟುಕೊಂಡಿತು. ಪೂರಾ ಒಣಗುವ ಮೊದಲೇ ತೆಗೆದು ಕೈಯಲ್ಲಿ ಹಿಟ್ಟು ನಾದಿದಂತೆ ನಾದಿ ಮತ್ತೆ ಹಾಕಿದೆ. ಕಲ್ಲಿನ ಲಾರಿಗಳು ಓಡಾಡಿ ಧೂಳೇಳುವ ಮೊದಲೇ ಒಳಗೆ ತಂದೆ. ಇಲ್ಲಿಯ ಬಿಸಿಲಿಗೆ ಒಂದು ಗುಣವಿದೆ: ನಮ್ಮಲ್ಲಿ ದಿನವಿಡೀ ಒಣಗದ ಬಟ್ಟೆ ಇಲ್ಲಿ ಒಂದು ಅಡುಗೆ ಮುಗಿಯುವಷ್ಟರಲ್ಲಿ ಒಣಗುತ್ತದೆ. ಬೈಯುತ್ತಿದ್ದ ಬಿಸಿಲಿಗೆ ನಾನು ಮೊದಲ ಸಲ ಋಣಿಯಾದೆ. ದದ್ದು ಮಾಯತೊಡಗಿತು.

ಆಗ ನೀಲಮ್ಮ ಮಾಳಿಗೆ ಹತ್ತಿ ಬಂದರು. ಅವರು ಜೋಳದ ಸಂಡಿಗೆ ಹಾಕುವ ಜಾಗದಿಂದ ದೂರದಲ್ಲೇ ನನ್ನ ತಂತಿ ಇತ್ತು. ಆದರೂ ಲಂಗೋಟಿಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ ಹೇಳಿದರು:

‘ಮಾಸ್ತರ್ರೆ, ಗಂಡಸ್ರು ಮಾಳಗಿ ಮ್ಯಾಲ ಕುಂತು ಕೂಸಿನ ಹೇಲಿನ ಅರಬಿ ಒಗೀಲಿಕತ್ತಾರಂತ ಓಣಿ ತುಂಬ ನಗಲಿಕತ್ತದ. ನನ್ನ ಮನಿ ಹೆಸರು ಹೇಳಿ ನಗತಾರ.’

ಅರಬಿ ಅಂದರೆ ಬಟ್ಟೆ. ನನ್ನ ಮಗಳ ಬಟ್ಟೆ ನಾನು ಒಗೆದರೆ ನಗುವಂಥದ್ದೇನಿದೆ ಎಂದು ಕೇಳಿದೆ.

‘ಒಳಗ ಒಗೀರಿ, ಒಳಗ ಒಣಗಸ್ರಿ. ಯಾರ್ ಬ್ಯಾಡಂತಾರ?’

‘ಒಳಗೆ ಬಚ್ಚಿಡೋ ಅಂಥ ತಪ್ಪು ಕೆಲಸ ನಾನು ಮಾಡ್ತಿಲ್ಲಮ್ಮ. ಬಿಸಿಲಿರೋದು ಇಲ್ಲಿ.’

‘ಹಂಗಾದ್ರ ಯುಗಾದಿ ಆದ ಮ್ಯಾಲ ಬ್ಯಾರೆ ಮನಿ ನೋಡ್ಕೋರಿ’ ಎಂದು ಅವರು ಕೆಳಗಿಳಿದರು.

ಮರುದಿನ ನಾನು ಅಷ್ಟೂ ಲಂಗೋಟಿಗಳನ್ನು ಅದೇ ತಂತಿಗೆ ಹಾಕಿದೆ. ರಸ್ತೆಯ ಕಡೆಗೆ ಒಂದಿಷ್ಟು ಎಳೆದೇ ಹಾಕಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಓಣಿಯಲ್ಲಿ ನನಗೆ ಲಂಗೋಟಿ ಮಾಸ್ತರ್ ಎಂಬ ಹೆಸರು ಬಿತ್ತು. ಕಿರಾಣಿ ಅಂಗಡಿಯಲ್ಲಿ ಒಬ್ಬ ಹಾಗೆ ಕರೆದಾಗ ತಿರುಗಿ ‘ಹೇಳ್ರಿ’ ಎಂದೆ. ಅವನು ಅಂಗಡಿಯವನ ಹತ್ತಿರ ಚಿಲ್ಲರೆ ಕೇಳತೊಡಗಿದ.

ಯುಗಾದಿಗೆ ಮೊದಲೇ ಅತ್ತೆ ಬಂದಿಳಿದರು. ಅವರು ಬಂದ ಮರುದಿನವೇ ಮೇಲಿನ ಮನೆಗೆ ನೀರೇರಿಸುವ ಮೋಟಾರು ಸುಟ್ಟುಹೋಯಿತು. ನಲ್ಲಿಯೂ ಬರಲಿಲ್ಲ. ಒಗೆಯದ ಬಟ್ಟೆ ಬಕೆಟಿನಲ್ಲಿ ತುಂಬಿತು. ನಾನು ಅಂಗಳದಲ್ಲಿ ನಿಂತು ಮೋಟಾರು ಬಿಚ್ಚುವವನಿಗೆ ಕಾಯುತ್ತಿದ್ದೆ. ಅತ್ತೆ ಮೆಟ್ಟಿಲ ಮೇಲೆ ಇಂಚರಳನ್ನು ಎತ್ತಿಕೊಂಡು ನಿಂತಿದ್ದರು. ಅವಳ ಬಟ್ಟೆಗಳು ಆಗಲೇ ಅವರ ಕಾಲ ಬಳಿಯ ಬ್ಯಾಗಿನಲ್ಲಿದ್ದವು. ಡ್ಯೂಟಿ ಮುಗಿಸಿ ಗೇಟು ತೆಗೆದು ಬಂದ ಕವಿತಾಳಿಗೆ, ಎಲ್ಲರಿಗೂ ಕೇಳುವಂತೆ ಅವರು ಹೇಳಿದರು: ‘ಈ ಧೂಳಲ್ಲಿ, ಈ ಸುಡುಗಾಡು ಊರಲ್ಲಿ ಮಕ್ಕಳು ಬೆಳೆಯೋದುಂಟಾ? ನಾಳೆ ನಾನು ಕರ್ಕೊಂಡು ಹೋಯ್ತೀನಿ ಕಣಮ್ಮ. ಅಳಿಯಂದ್ರೂ ಗಂಡಸಿನ ಹಾಗೆ ಒಂದು ಕೆಲಸ ನೋಡ್ಕೊಳ್ಳಲಿ.’

ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಮ್ಮ ತಮ್ಮ ಬಾಗಿಲಿನಿಂದ ಹೊರಗೆ ಬಂದರು.

‘ಯಾಕ್ರಿ ಬೀಗರ, ನಾವು ಮಂದಿ ಅಲ್ಲೇನು? ನಾ ಇಲ್ಲೇ ಹಡದು ಇಲ್ಲೇ ಬೆಳಸೀನಿ. ನನ್ನ ಮಕ್ಳು ನಿಮಗ ಸುಡುಗಾಡದಾಗ ಬೆಳದವ್ರಂಗ ಕಾಣ್ತಾರೇನು?’ ಆಮೇಲೆ ನನ್ನ ಕಡೆ ನೋಡದೆಯೇ, ‘ಆ ಮಾಸ್ತರ ಮಾಡೋದು ನನಗೂ ಸೇರಂಗಿಲ್ಲ. ಆದ್ರ ದಿನಾ ಹೊತ್ತು ಮೂಡೂದ್ರಾಗ ಒಗೀತಾನ, ಒಂದಿನ ತಪ್ಪಿಲ್ಲ. ಕೂಸಿಗಿ ಏನ್ ಕಮ್ಮಿ ಆಗ್ಯಾದ, ನೋಡ್ರಿ’ ಎಂದರು.

ಅತ್ತೆ ತಬ್ಬಿಬ್ಬಾದರು. ಅವರಿಗೆ ಮಾತು ಅರ್ಧ ತಿಳಿಯಲಿಲ್ಲ, ಸಿಟ್ಟು ಪೂರಾ ತಿಳಿಯಿತು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ನೀಲಮ್ಮ ನನ್ನ ಪರ ನಿಂತಿರಲಿಲ್ಲ, ತಮ್ಮ ಊರಿನ ಪರ ನಿಂತಿದ್ದರು. ಆ ಕ್ಷಣಕ್ಕೆ ನಾನು ಆ ಊರಿನವರ ಸಾಲಿಗೆ ಸೇರಿದ್ದೆ. ನಾನು ಮೆಟ್ಟಿಲು ಹತ್ತಿ ಅತ್ತೆಯ ಕೈಯಿಂದ ಇಂಚರಳನ್ನು ತೆಗೆದುಕೊಂಡೆ. ಮಗು ಎಲ್ಲಿ ಬೆಳೆಯಬೇಕೆಂದು ಅದರ ಅಪ್ಪ ಅಮ್ಮ ಹೇಳುತ್ತಾರೆ, ಇದೇ ನನ್ನ ಕೆಲಸ, ಇನ್ನೊಂದನ್ನು ಹುಡುಕುವುದಿಲ್ಲ ಎಂದೆ. ಆಮೇಲೆ ಕವಿತಾಳನ್ನು ನೋಡಿದೆ. ಅಷ್ಟು ದಿನ ಸುಮ್ಮನಿದ್ದವಳು ಬ್ಯಾಗಿನ ಜಿಪ್ಪು ಎಳೆದು ಮಗಳ ಬಟ್ಟೆಗಳನ್ನು ಹೊರಗೆ ತೆಗೆದಳು.

‘ಅವಳು ಇಲ್ಲೇ ಇರ್ತಾಳಮ್ಮ’ ಎಂದಳು. ‘ಮನೆಗೆ ಬಂದಾಗ ನನಗೆ ಅವಳು ಬೇಕು.’

ನೀಲಮ್ಮ ತಮ್ಮ ಕಲ್ಲಿನ ತೊಟ್ಟಿಯ ಮುಚ್ಚಳ ಸರಿಸಿ, ಕೊಡದಲ್ಲಿ ತುಂಬಿಕೊಳ್ಳಿರೆಂದರು. ಒಳಗೆ ಒಗೆಯಿರಿ ಎಂದು ಆಗಲೂ ಸೇರಿಸಿದರು. ನಾನು ಕೊಡ ಹೊತ್ತುಕೊಂಡು ಮಾಳಿಗೆಗೇ ಹೋದೆ. ಅವರು ನೋಡಿ, ತೊಟ್ಟಿಯ ಮುಚ್ಚಳ ಎಳೆದುಕೊಂಡರು. ಯುಗಾದಿ ಬಂತು, ಹೋಯಿತು. ಮನೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ನಮ್ಮ ಲಂಗೋಟಿಗಳ ಬಗ್ಗೆ ಅವರ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ನನ್ನದೂ ಬದಲಾಗಿಲ್ಲ. ಅತ್ತೆ ಹೊರಡುವ ಮುನ್ನ ಒಂದು ಲಂಗೋಟಿಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ, ಹೊಲಿಗೆ ನಿಮ್ಮಪ್ಪನ ಹಾಗೇ ಇದೆ ಎಂದರು. ಅಷ್ಟನ್ನು ನಾನು ಬಾಚಿಕೊಂಡೆ.

ಕೆಲವು ವಾರಗಳ ನಂತರ, ಫರಸಿಗೆ ಪಾಲಿಶ್ ಹಿಡಿಯುವ ಕೆಲಸದ ಮಕಬೂಲ್ ಎಂಬುವರು ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕೂಗಿದರು. ಮೈಯೆಲ್ಲ ಕಲ್ಲಿನ ಹಿಟ್ಟು. ತಮ್ಮ ಮಗನಿಗೂ ಅದೇ ದದ್ದು ಎದ್ದಿದೆಯೆಂದು ಹೇಳಿ ತಗ್ಗಿದ ದನಿಯಲ್ಲಿ ಕೇಳಿದರು: ‘ಅಂಥಾವು ಹೊಲದು ಕೊಡ್ತೀರೇನ್ರಿ? ಒಗೆಯೋದು ನಾನೇ ಒಗೀತೀನಿ. ಹ್ಯಾಂಗಂತ ತೋರಸ್ರಿ.’ ಅವರನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ಸೋಡಾ, ನಿಂಬೆಹಣ್ಣು, ನಾದುವುದು, ಎಲ್ಲ ತೋರಿಸಿದೆ. ಹಗಲು ಹೊತ್ತಿನಲ್ಲಿ, ಓಣಿಗೆ ಕಾಣುವಂತೆ, ಇಬ್ಬರು ಗಂಡಸರು ಕೂತು ಒಗೆದೆವು.

ಮೊನ್ನೆ ನನ್ನ ಸೋದರಮಾವನ ಮನೆಯ ಮದುವೆಗೆಂದು ಕೊಳ್ಳೇಗಾಲಕ್ಕೆ ಹೋಗಿದ್ದೆವು. ಅಲ್ಲಿಯ ನೀರಿನಲ್ಲಿ ಸೋಪು ಹಾಕುವ ಮೊದಲೇ ನೊರೆ ಬಂದಂತೆ ಅನ್ನಿಸಿತು. ಲಂಗೋಟಿಗಳು ಹೂವಾದವು. ಆದರೆ ಮೋಡ ಕವಿದ ದಿನ, ಸಂಜೆಯಾದರೂ ಒಣಗಲಿಲ್ಲ. ನಾನು ಹಿತ್ತಿಲಲ್ಲಿ ನಿಂತು ಶಹಾಬಾದಿನ ಬಿಸಿಲನ್ನು ನೆನೆದು ಗೊಣಗಿದೆ. ‘ಭಾಳ ತಡಾ ಆಗ್ತದ’ ಎಂದು ಬಾಯಿಂದ ಬಂದದ್ದಕ್ಕೆ ಸೋದರಮಾವನ ಮನೆಯವರೆಲ್ಲ ನಕ್ಕರು. ಶಹಾಬಾದಿನ ಬಿಸಿಲು, ಧೂಳು, ನೀರು ಎಂದು ಅವರು ಒಂದೊಂದಾಗಿ ಆಡಿಕೊಂಡಾಗ, ಒಂದು ಕಾಲಕ್ಕೆ ನಾನೇ ಹೇಳಿದ್ದ ಆ ದೂರುಗಳ ವಿರುದ್ಧ ನಾನೇ ವಾದಕ್ಕೆ ನಿಂತೆ.

ವಾಪಸು ಬರುವಾಗ ರೈಲು ಮೈಸೂರು ಬಿಟ್ಟ ಸ್ವಲ್ಪ ಹೊತ್ತಿಗೆ ಎದುರು ಸೀಟಿನ ಹಿರಿಯರು ಯಾವೂರು ಎಂದು ಕೇಳಿದರು. ಶಹಾಬಾದು ಎಂದೆ. ರಾಯಚೂರಿನಲ್ಲಿ ಹತ್ತಿದವರೊಬ್ಬರು ಅದನ್ನೇ ಕೇಳಿದರು. ಕೊಳ್ಳೇಗಾಲ ಎಂದೆ. ‘ಯಾವ ಕಡೆ ಇರ್ತೀರೋ ಆ ಕಡೆಯೋನಲ್ಲ ಅಂತೀರಲ್ರೀ’ ಎಂದಳು ಕವಿತಾ. ಎರಡು ಸಲವೂ ನಾನು ಸುಳ್ಳು ಹೇಳಿರಲಿಲ್ಲ.

ಅಷ್ಟರಲ್ಲಿ ಇಂಚರ ಒದ್ದೆ ಮಾಡಿಕೊಂಡಳು. ಸೀಟಿನ ಮೇಲೆಯೇ ಮಲಗಿಸಿ ಬದಲಿಸಿದೆ. ಒದ್ದೆಯದನ್ನು ಬೋಗಿಯ ನಲ್ಲಿಯಲ್ಲಿ ತೊಳೆದು ಹಿಂಡಿ ತಂದು ಕಿಟಕಿಯ ಸರಳಿಗೆ ಕಟ್ಟಿದೆ. ರಾಯಚೂರಿನವರು ಮುಖ ಸಿಂಡರಿಸಿ ಎದ್ದು ಆಚೆ ಕೂತರು. ನಾನು ಗಾಜನ್ನು ಪೂರಾ ಮೇಲಕ್ಕೆ ಸರಿಸಿದೆ. ಬಿಸಿಗಾಳಿ ನುಗ್ಗಿ ಬಂತು. ನಮ್ಮ ನಿಲ್ದಾಣ ಬರುವಷ್ಟರಲ್ಲಿ ಒಣಗುತ್ತದೆ ಎಂದು ಕವಿತಾಳಿಗೆ ಹೇಳಿದೆ. ಶಹಾಬಾದನ್ನು ನಮ್ಮದು ಅಂದೆನಲ್ಲ ಎಂದು ಅವಳೂ ಆಡಿಕೊಳ್ಳಲಿಲ್ಲ, ನಾನೂ ತಿದ್ದಲಿಲ್ಲ.