ಸಂಭವನ ತಮ್ಮನ ಹೆಸರು

ಐನಾಪುರದ ಸೋನಾಬಾಯಿ ಮಾತು ಕಡಿಮೆಯ ಹೆಂಗಸು. ಅರವತ್ತೆಂಟು ವರ್ಷದ ಬಾಳಿನಲ್ಲಿ ಆಕೆ ಯಾರ ಮನೆಯ ವಿಷಯಕ್ಕೂ ಬಾಯಿ ಹಾಕಿದವಳಲ್ಲ, ತನ್ನ ಮನೆಯ ವಿಷಯಕ್ಕೂ ಅಷ್ಟಕ್ಕಷ್ಟೇ. ನಸುಕಿನಲ್ಲಿ ಎದ್ದು ಎಮ್ಮೆ ಹಿಂಡುವುದು, ನಳದ ನೀರನ್ನೂ ಅರಿವೆಯಲ್ಲಿ ಸೋಸಿ ಕೊಡ ತುಂಬುವುದು, ಹೊತ್ತು ಮುಳುಗುವುದರೊಳಗೆ ಎಲ್ಲರಿಗೂ ಬಡಿಸಿ ತಾನೂ ಉಂಡು ಕೈ ತೊಳೆಯುವುದು. ಇಷ್ಟರಲ್ಲೇ ಆಕೆಯ ದಿನ ಮುಗಿಯುತ್ತಿತ್ತು. ಅಂಥವಳು ಮೊಮ್ಮಗನ ಹೆಸರಿಗಾಗಿ ಬಾಣಂತಿ ಸೊಸೆಯ ಎದುರು ನಿಂತಳು ಎಂದರೆ ಓಣಿಯವರು ಇವತ್ತಿಗೂ ನಂಬುವುದಿಲ್ಲ.

ಆ ಮನೆಯಲ್ಲಿ ಹೆಸರಿಗೊಂದು ಪಾಳಿ ಇತ್ತು. ಅದನ್ನು ಶುರು ಮಾಡಿದವನು ಸೋನಾಬಾಯಿಯ ಗಂಡ ಪಾರಿಸ. ದಿನಾ ಬೆಳಿಗ್ಗೆ ಬಸದಿಯಲ್ಲಿ ನಿಂತು ಇಪ್ಪತ್ನಾಲ್ಕು ತೀರ್ಥಂಕರರ ಹೆಸರನ್ನು ಒಂದೂ ಬಿಡದೆ ಹೇಳುವವನು ಅವನು. ಮಗ ಸಮ್ಮೇದನಿಗೆ ಮೊದಲ ಗಂಡುಮಗು ಹುಟ್ಟಿದಾಗ ಮೊದಲನೆಯ ತೀರ್ಥಂಕರರ ಹೆಸರಿಟ್ಟ, ಆದಿನಾಥ. ಎರಡನೆಯವನಿಗೆ ಎರಡನೆಯದು, ಅಜಿತ.

“ಹಿಂಗ ಪಾಳಿ ಹಿಡಕೊಂಡು ಹೋದ್ರ ಹೆಸರು ಹುಡುಕೂ ತ್ರಾಸ ಇಲ್ಲ” ಎಂದಿದ್ದ ಪಾರಿಸ.

ಮಗಳು ಮನೀಷಾ ನಕ್ಕು, “ಇಪ್ಪತ್ನಾಕು ಹಡಿಯಾಕ ನಮ್ಮ ವೈನಿಯೇನು ಮಷೀನೇನಪಾ?” ಎಂದಿದ್ದಳು.

“ನನ್ನ ಹೆಸರು ಇಪ್ಪತ್ಮೂರನೇದು. ಅಲ್ಲೀತನಕ ಬಂದು ನಿಂದರ್ಲಿ, ಸಾಕು.”

ಆ ವರ್ಷವೇ ಪಾರಿಸ ತೀರಿಹೋದ. ಆದರೂ ಅವನ ಮಾತಿನ ಪಾಳಿ ಉಳಿಯಿತು. ಮೂರನೆಯವನು ಹುಟ್ಟಿದಾಗ ಯಾರೂ ಯಾರನ್ನೂ ಕೇಳಲಿಲ್ಲ. ಮೂರನೆಯ ತೀರ್ಥಂಕರರ ಹೆಸರು ಸಂಭವ, ಅದನ್ನೇ ತೊಟ್ಟಿಲಲ್ಲಿ ಕರೆದರು.

ಸಂಭವ ನಾಲ್ಕು ತಿಂಗಳು ಇದ್ದ. ಮಾಗಿಯ ಚಳಿಯಲ್ಲಿ ಎದೆಯಲ್ಲಿ ಕಫ ಕಟ್ಟಿತು. ದವಾಖಾನೆಗೆ ಒಯ್ದ ಮೂರನೆಯ ದಿನ ಉಸಿರು ನಿಂತಿತು. ಮನೆಗೆ ತಂದಾಗ, ಓಣಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರೆರೆಯುವ ಸಾವಕ್ಕ ಬಂದು, ದೀಪದ ಮಸಿ ತೆಗೆದು ಕೂಸಿನ ಎಡಗಾಲಿನ ಹಿಮ್ಮಡಿಗೆ ಒತ್ತಿದಳು. “ಮತ್ತ ಇದೇ ಹೊಟ್ಟಿಗಿ ಬಂದ್ರ ಗುರ್ತು ಸಿಗ್ಲಿ” ಎಂದಳು. ಆಮೇಲೆ ಗಂಡಸರು ಹೊಲಕ್ಕೆ ಒಯ್ದು ಮಣ್ಣು ಮಾಡಿದರು. ತಾಯಿ ಕಾಜಲ ಅಳಲಿಲ್ಲ. ಮಸಿ ಒತ್ತಿದ್ದನ್ನು ಕಣ್ಣು ಪಿಳುಕಿಸದೆ ನೋಡಿದಳು. ಕೂಸಿನ ಕುಲಾಯಿ, ಅಂಗಿ, ದುಪಟಿ ಎಲ್ಲವನ್ನೂ ಒಗೆದು ಮಡಚಿ ಟ್ರಂಕಿನಲ್ಲಿಟ್ಟಳು. ಯಾರಾದರೂ ಸಮಾಧಾನ ಹೇಳಲು ಬಂದರೆ, “ಬರ್ತಾನ್ರಿ” ಎನ್ನುತ್ತಿದ್ದಳು, ಊರಿಗೆ ಹೋದವನ ಬಗ್ಗೆ ಹೇಳಿದ ಹಾಗೆ.

ಮೂರು ವರ್ಷದ ಮೇಲೆ ಈ ಕೂಸು ಹುಟ್ಟಿತು. ಗಂಡು. ಐದನೆಯ ದಿನ ಸಾವಕ್ಕ ಕಾಲು ಚಾಚಿ ಕೂತು ಅದನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದವಳು ಒಮ್ಮೆಲೇ ಕೈ ನಿಲ್ಲಿಸಿದಳು.

“ಕಾಜಲ, ಬಾರವ್ವಾ ಇಲ್ಲಿ. ಹಿಮ್ಮಡ ನೋಡು.”

ಎಡಗಾಲಿನ ಹಿಮ್ಮಡಿಯ ಮೇಲೆ ಜೋಳದ ಕಾಳಿನಷ್ಟು ಕಪ್ಪು. ಕಾಜಲ ಹೊರಸಿನಿಂದ ಇಳಿದು ಬಂದಳು. ಬೆರಳಿನಿಂದ ತಿಕ್ಕಿ ನೋಡಿದಳು. ಹೋಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಆಕೆ ಬಾಯ್ತುಂಬ ನಕ್ಕಳು. ಅಂದೇ ಟ್ರಂಕು ತೆರೆದು ಹಳೆಯ ಕುಲಾಯಿ ತೆಗೆದು ಕೂಸಿಗೆ ಹಾಕಿದಳು.

ಹಾಗಾಗಿ ಹೆಸರಿನ ಚರ್ಚೆಯೇ ಬರಲಿಲ್ಲ. ಸಮ್ಮೇದನೂ ಹಗುರಾದ. “ಪಾಳೀನೂ ಕೂಡ್ತೈತಿ. ಆದಿನಾಥ, ಅಜಿತ, ಸಂಭವ. ಅಣ್ಣಗೋಳ ಹೆಸರಿಗಿ ಹೊಂದತೈತಿ” ಎಂದ. ಹೆಸರು ಕರೆಯುವ ಹಕ್ಕು ಸೋದರತ್ತೆಯದು; ರಾಯಬಾಗದಿಂದ ಮನೀಷಾ ಫೋನಿನಲ್ಲಿ, “ನನಗ ಹೊಸಾದು ಬಾಯಿಪಾಠ ಮಾಡೂ ಕೆಲಸ ತಪ್ಪಿತು ದಾದಾ” ಎಂದಳು.

ಎಲ್ಲರೂ ನಗುತ್ತಿದ್ದಾಗ ಸೋನಾಬಾಯಿ ಅಕ್ಕಿ ಆರಿಸುತ್ತ ಕೂತಿದ್ದಳು. ಮೊರದಿಂದ ತಲೆ ಎತ್ತದೆ, “ಅಭಿನಂದನ ಅಂತ ಇಡೂಣು” ಎಂದಳು.

ಅದು ನಾಲ್ಕನೆಯ ತೀರ್ಥಂಕರರ ಹೆಸರು. ಸಮ್ಮೇದನಿಗೆ ಅರ್ಥವಾಗಲಿಲ್ಲ. “ಮೂರನೇದು ಬಿಟ್ಟು ನಾಕನೇದು ಹೆಂಗ ಇಡೂದವ್ವಾ?”

“ಮೂರನೇದು ಬಿಟ್ಟಿಲ್ಲಪಾ. ಇಟ್ಟೇವಿ.”

ಒಳಗಿನಿಂದ ಕಾಜಲಳ ದನಿ ಬಂತು. “ಅತ್ತ್ಯಾರ, ನನ್ನ ಕೂಸು ನನಗ ತಿರುಗಿ ಸಿಕ್ಕೈತಿ. ನಿಮಗ ಯಾಕ್ರಿ ಸಂಕಟ?”

ಸೋನಾಬಾಯಿ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಂದಿನಿಂದ ಸೊಸೆ ಆಕೆಯ ಕೈಗೆ ಕೂಸು ಕೊಡುವುದನ್ನು ಬಿಟ್ಟಳು. ಬಾಣಂತಿಗೆ ಮಾಡಿದ ಅಂಟಿನ ಉಂಡಿಯನ್ನು ಅತ್ತೆ ತಂದಿಟ್ಟರೆ ತಾಟು ಹಾಗೇ ಇರುತ್ತಿತ್ತು. ಸಾವಕ್ಕನೂ ನೀರೆರೆಯಲು ಬಂದಾಗ ಚುಚ್ಚಿದಳು: “ಸೋನಾಕ್ಕಾ, ಈ ವಯಸ್ಸಿನಾಗ ಸೊಸೀ ಕೂಡ ಹಟಾ ಏನವ್ವಾ? ಹಡದಾಕಿ ಅಕಿ.”

“ಹೌದು, ಅಕೀನ ಹಡದಾಳ” ಎಂದಳು ಸೋನಾಬಾಯಿ. “ನಾಕು ಹಡದಾಳ.”

ತೊಟ್ಟಿಲಿಗೆ ಹಾಕುವ ದಿನಕ್ಕೆ ಮೂರೇ ದಿನ ಉಳಿದಿತ್ತು. ಸೋನಾಬಾಯಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಸುಮ್ಮನಿದ್ದರೆ ಮನೆ ನಗುತ್ತದೆ, ಸೊಸೆ ಮೊದಲಿನಂತಾಗುತ್ತಾಳೆ. ಆದರೆ ಕುಲಾಯಿ ಹಾಕಿಕೊಂಡು ಮಲಗಿದ ಆ ಕೂಸಿನ ಗತಿ ಏನು ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನು ಆಕೆ ಗಂಡನಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಸಮ್ಮೇದ ದ್ರಾಕ್ಷಿ ತೋಟಕ್ಕೆ ಹೋದ ಮೇಲೆ, ದೊಡ್ಡ ಹುಡುಗರಿಬ್ಬರೂ ಸಾಲೆಯಲ್ಲಿದ್ದಾಗ, ಆಕೆ ಬಾಣಂತಿ ಕೋಣೆಗೆ ಹೋಗಿ ಹೊರಸಿನ ಕೆಳಗಿನ ಕೆಂಡಕ್ಕೆ ಲೋಬಾನ ಹಾಕಿ ನೆಲದ ಮೇಲೆ ಕೂತಳು. ಕಾಜಲ ಗೋಡೆಯ ಕಡೆ ಮುಖ ತಿರುಗಿಸಿದಳು.

“ನಾ ಎರಡನೇ ಸೋನಾ” ಎಂದಳು ಸೋನಾಬಾಯಿ.

ಕಾಜಲ ತಿರುಗಲಿಲ್ಲ.

“ನನ್ನ ತವರಮನಿ ಐಗಳಿ, ನಿನಗ ಗೊತ್ತೈತಿ. ನನ್ನಕಿಂತ ಮೊದಲ ನಮ್ಮವ್ವಗ ಒಬ್ಬಾಕಿ ಇದ್ಲು. ಅಕೀ ಹೆಸರೂ ಸೋನಾ. ನಾಕು ವರ್ಷದ ಹುಡುಗಿ. ತ್ವಾಟದ ಬಾವ್ಯಾಗ ಬಿದ್ದು ಸತ್ಲು. ಮುಂದಿನ ವರ್ಷ ನಾ ಹುಟ್ಟಿದೆ. ಅಕೀನ ಬಂದಾಳ ಅಂತ ಅದೇ ಹೆಸರಿಟ್ರು. ಅಕಿ ಕಾಲ್ಗಡಗ ನನಗ ಹಾಕಿದ್ರು, ಅಕಿ ಪರಕಾರ ನನಗ ಉಡಿಸಿದ್ರು. ನಮ್ಮವ್ವ ಅಕಿ ಸಂಬಂಧ ಒಂದಿನಾ ಅತ್ತಿಲ್ಲ. ಯಾಕ ಅಳಬೇಕು? ಮಗಳು ಮನ್ಯಾಗ ಅದಾಳಲ್ಲ.”

“ಮತ್ತ ಛಲೋ ಆತಲ್ರಿ” ಎಂದಳು ಕಾಜಲ ಗೋಡೆಗೆ.

“ಕೇಳು. ನನಗ ಸಜ್ಜಕ ಸೇರ್ತಿದ್ದಿಲ್ಲ. ‘ಮೊದಲ ತಿಂತಿದ್ದೆಲ್ಲ, ಈಗೇನ ಬ್ಯಾನಿ?’ ಅಂತಿದ್ಲು ಅವ್ವ. ನಾ ಯಾವಾಗ ತಿಂದಿದ್ದೆ? ನಾ ಎಡಗೈಲೆ ಉಣ್ಣಾಕ ಹೋದ್ರ ಬಡೀತಿದ್ಲು, ಮೊದಲ ಬಲಗೈಲೆ ಉಣತಿದ್ದೆಲ್ಲಾ ಅಂತ. ನನಗ ನಾಕು ವರ್ಷ ತುಂಬೂತನಕ ಅಕಿ ಹೆಂಗಿದ್ಲು ಹಂಗ ಇರಬೇಕಾತು. ನಾಕು ತುಂಬಿದ ಮ್ಯಾಲ ಅವ್ವಗ ನನ್ನ ಕೂಡ ಏನ್ ಮಾತಾಡಬೇಕು ಅನ್ನೂದ ತಿಳೀಲಿಲ್ಲ. ಅಲ್ಲಿಂದ ಮುಂದಿನ ಸೋನಾ ಅಕಿಗಿ ಗೊತ್ತ ಇದ್ದಿಲ್ಲಲ್ಲ.”

ಕಾಜಲ ಈ ಕಡೆ ತಿರುಗಿದಳು.

“ಅವ್ವ ಸಾಯೂಮುಂದ ಬಾಜೂಕ ಕುಂತಿದ್ದೆ. ನನಗ ಐವತ್ತು ದಾಟಿತ್ತು. ಮಕ್ಕಳ ಮದವಿ ಮಾಡಿದ್ದೆ. ನನ್ನ ಕೈ ಹಿಡಕೊಂಡು ಕೇಳಿದ್ಲು: ‘ಸೋನಾ, ಬಾವ್ಯಾಗ ನೀರು ಭಾಳ ತಣ್ಣಗಿತ್ತೇನವ್ವಾ?’”

ಕೆಂಡದ ಮೇಲೆ ಲೋಬಾನ ಚಟಪಟ ಎಂದಿತು.

“ನೀವು ಏನಂದ್ರಿ?”

“‘ಇಲ್ಲವ್ವಾ, ತಣ್ಣಗಿದ್ದಿಲ್ಲ’ ಅಂದೆ. ಮತ್ತೇನನ್ಲಿ? ಸಾಯಾಕತ್ತಿದ್ಲು. ಅಷ್ಟ ಸಾಕಾತು, ಕಣ್ಣು ಮುಚ್ಚಿದ್ಲು. ಅಕಿ ಪಾಪ, ಐವತ್ತು ವರ್ಷ ಒಳಗಿಂದೊಳಗ ಅದನ್ನ ಇಟ್ಟುಕೊಂಡಿದ್ಲು. ಅಕಿ ಕರದದ್ದು ಆ ಸೋನಾನ್ನ, ನನ್ನಲ್ಲ ಕಾಜಲ. ನನ್ನ ಬಗ್ಗೆ ಏನೂ ಕೇಳಲಿಲ್ಲ.”

ಕೂಸು ನಿದ್ದೆಯಲ್ಲೇ ತುಟಿ ಚೀಪಿತು.

“ಹಂಗಾರ ನಂದು ಹೋತು ಅಂತೀರೇನ್ರಿ?” ಕಾಜಲಳ ದನಿ ಗಡಸಾಗಿತ್ತು. “ಹಿಮ್ಮಡದ ಗುರ್ತು ಸುಳ್ಳೇನ್ರಿ?”

“ಗುರ್ತು ಖರೆ ಇರಬಹುದು, ಸುಳ್ಳಿರಬಹುದು. ನಾ ಕಲ್ತಾಕಿ ಅಲ್ಲ. ಆದ್ರ ಇಂವಗ ಅದು ಗೊತ್ತಿಲ್ಲ. ಇಂವ ಈಗ ಹುಟ್ಟ್ಯಾನ.”

“ಹೋಗ್ರಿ ಇಲ್ಲಿಂದ” ಎಂದಳು ಕಾಜಲ.

ಸೋನಾಬಾಯಿ ಎದ್ದು ಬಂದಳು. ಮುಂದೆ ಮೂರು ದಿನ ಆ ವಿಷಯ ಎತ್ತಲಿಲ್ಲ. ತಾನು ಸೊಸೆಯ ಬಾಯಿಂದ ತುತ್ತು ಕಸಿದೆ ಎಂದೇ ಆಕೆಗೆ ಅನಿಸಿತು. ಹಿತ್ತಲಲ್ಲಿ ಎಮ್ಮೆಯ ಮೈ ತೊಳೆಯುತ್ತ ಒಮ್ಮೆ, ಇಟ್ಟರೆ ಇಡಲಿ ಬಿಡು ಎಂದೂ ಅಂದುಕೊಂಡಳು.

ಹನ್ನೆರಡನೆಯ ದಿನ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಓಣಿಯ ಹೆಂಗಸರು ಬಂದರು. ಮನೀಷಾ ಹಸಿರು ಸೀರೆ ಉಟ್ಟು ಬೆಳ್ಳಿಯ ಉಡದಾರ ತಂದಿದ್ದಳು. ಹೆಸರು ಕರೆಯುವಾಗ ಸೋದರತ್ತೆಯ ಬೆನ್ನಿಗೆ ಗುದ್ದುವುದು ರೂಢಿ. ಸಾವಕ್ಕ ಆಗಲೇ ಮುಷ್ಟಿ ಕಟ್ಟಿ ನಿಂತು, “ರಾಯಬಾಗದ ತುಪ್ಪಾ ತಿಂದು ಬೆನ್ನು ಭಾಳ ಅಗಲ ಆಗೈತಿ, ಎರಡೂ ಕೈಲೆ ಗುದ್ದಬೇಕಿದಕ” ಎಂದಳು. ಎಲ್ಲರೂ ನಕ್ಕರು. ಸೋನಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಮನೀಷಾ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿದಳು.

“ತಡೀ ಮನೀಷಾ” ಎಂದಳು ಕಾಜಲ. “ನಾಕನೇ ಹೆಸರು ಹೇಳು.”

ಮನೀಷಾ ಬಗ್ಗಿದಲ್ಲಿಂದಲೇ ತಲೆ ಎತ್ತಿ ಅಣ್ಣನನ್ನು ನೋಡಿದಳು, ಅವ್ವನನ್ನು ನೋಡಿದಳು. “ಮೂರನೇದಲ್ಲೇನ ವೈನಿ?”

“ಮೂರನೇದಾಂವ ಹೋಗ್ಯಾನ.”

ಅಷ್ಟು ಹೇಳಿದ್ದೇ ತಡ, ಕಾಜಲ ತೊಟ್ಟಿಲ ಹಗ್ಗ ಹಿಡಿದುಕೊಂಡು ಕುಸಿದು ಕೂತಳು. ಮೂರು ವರ್ಷದ ಅಳು ಒಂದೇ ಸಲ ಬಂತು. ಹೆಂಗಸರು ಗಾಬರಿಯಾದರು. “ಛೀ ಛೀ, ಕೂಸಿನ ತೊಟ್ಟಿಲ ಮುಂದ ಅಳಬಾರದವ್ವಾ, ಬಾಯಿ ಮುಚ್ಚು” ಎಂದು ಸಾವಕ್ಕ ಮುಂದೆ ಬಂದಳು.

“ಅಳ್ಲಿ ಬಿಡ್ರಿ” ಎಂದಳು ಸೋನಾಬಾಯಿ ಬಾಗಿಲಿನಿಂದ. ಆಕೆ ಅಷ್ಟು ದೊಡ್ಡ ದನಿ ತೆಗೆದದ್ದನ್ನು ಯಾರೂ ಕೇಳಿರಲಿಲ್ಲ. “ಯಾರೂ ತಡೀಬ್ಯಾಡ್ರಿ ಅಕಿನ್ನ. ಮನೀಷಾ, ನೀ ಹೆಸರು ಹೇಳು.”

ಮನೀಷಾ ಅಳುತ್ತಲೇ ಕೂಸಿನ ಕಿವಿಯಲ್ಲಿ ಅಭಿನಂದನ ಎಂದಳು. ಬೆನ್ನಿಗೆ ಗುದ್ದುವುದನ್ನು ಎಲ್ಲರೂ ಮರೆತಿದ್ದರು.

ತಿಂಗಳು ಒಪ್ಪತ್ತು ಕಳೆದ ಮೇಲೆ ಒಂದು ಬೆಳಿಗ್ಗೆ ಕಾಜಲ ಗಂಡನಿಗೆ, “ಅವನ್ನ ಎಲ್ಲಿ ಇಟ್ಟೀರಿ, ನನಗ ತೋರಸ್ರಿ” ಎಂದಳು. ಮಣ್ಣಿಗೆ ಹೆಂಗಸರು ಹೋಗಿರಲಿಲ್ಲ. ಸೋನಾಬಾಯಿಯೂ ಆ ಜಾಗ ಕಂಡಿರಲಿಲ್ಲ. ಮೂವರೂ ಹೊಲಕ್ಕೆ ನಡೆದರು, ಕೂಸು ಅಜ್ಜಿಯ ತೋಳಲ್ಲಿ. ಹೊಲದ ಮೂಡಣ ಬದುವಿನ ಹತ್ತಿರ ಸಮ್ಮೇದ ನಿಂತು ಅತ್ತ ಇತ್ತ ನೋಡಿದ. ಆಗ ಅದು ಬೀಳು. ಈಗ ಕಬ್ಬು ಆಳೆತ್ತರ ನಿಂತಿತ್ತು. ನಾಲ್ಕು ಹೆಜ್ಜೆ ಒಳಗೆ ಹೋದ, ಎರಡು ಹೆಜ್ಜೆ ಹಿಂದೆ ಬಂದ. ಕೊನೆಗೆ ಎರಡು ಸಾಲುಗಳ ನಡುವೆ ಕೈ ಮಾಡಿ, “ಇಲ್ಲೇ ಇರಬೇಕು” ಎಂದ.

ಕಾಜಲ ಸೆರಗು ತಲೆ ಮೇಲೆ ಎಳೆದುಕೊಂಡು ಕಬ್ಬಿನ ಗರಿ ಸರಿಸಿ ಅಲ್ಲಿ ಕೂತಳು. ಮಣ್ಣಿನ ಮೇಲೆ ಅಂಗೈ ಊರಿದಳು. ಏನು ಹೇಳಿಕೊಂಡಳೋ, ಉಳಿದವರಿಗೆ ಕೇಳಿಸಲಿಲ್ಲ.

ಬಿಸಿಲು ತಾಗಿ ಕೂಸು ಅಳತೊಡಗಿತು. ಸೋನಾಬಾಯಿ ಎಷ್ಟು ತಟ್ಟಿದರೂ ನಿಲ್ಲಿಸಲಿಲ್ಲ. ಕಾಜಲ ಎದ್ದು ಬಂದು, ಮಣ್ಣಾದ ಕೈಯನ್ನು ಸೀರೆಗೆ ಒರೆಸಿಕೊಂಡು, ಅದನ್ನು ಎತ್ತಿಕೊಂಡಳು.

“ಅಳಬ್ಯಾಡೋ ಅಭಿನಂದನಾ” ಎಂದಳು. “ಮನಿಗಿ ಹೋಗೂಣು ನಡಿ.”