ಅಪ್ಪ ನೆಟ್ಟಗೆ ಮಾಡಿದ ಕ್ಯಾಲಿಪರ್

ಸುಟ್ಟ ತೊಗಲಿನ ವಾಸನೆಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಕಳೆದ ವಾರ ಮರಾಠಿ ಸೀಮೆಯ ಚಾಕಣದ ನಮ್ಮ ಪರೀಕ್ಷಾ ಕೋಣೆಯಲ್ಲಿ, ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳ ತೊಗಲಿನ ಕೈಗವಸು ಬಿಸಿ ಕುಲುಮೆಯ ಬಾಯಿಗೆ ತಾಗಿ ಒಂದೆಳೆ ಹೊಗೆ ಎದ್ದಿತು. ಅವಳಿಗೇನೂ ಆಗಲಿಲ್ಲ, ನಕ್ಕು ಬೇರೆ ಗವಸು ಹಾಕಿಕೊಂಡಳು. ನಾನು ಮಾತ್ರ ಕೈಯಲ್ಲಿದ್ದ ಲೋಹದ ಪಟ್ಟಿಯನ್ನು ಕೆಳಗಿಟ್ಟು, ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ನಮ್ಮ ಕೆಲಸ ಇಷ್ಟೇ: ವಾಹನಗಳಿಗೆ ಬಳಸುವ ಲೋಹದ ಪಟ್ಟಿಗಳನ್ನು, ಗಾಜಿನ ನಾರಿಗೆ ರಾಳ ಕುಡಿಸಿ ಪದರಪದರವಾಗಿ ಮಾಡಿದ ಹೊಸ ಬಗೆಯ ಪಟ್ಟಿಗಳನ್ನು ಕಾಯಿಸಿ, ಭಾರ ಹೇರಿ, ಎಷ್ಟಕ್ಕೆ ಬಾಗಿದವು, ಎಷ್ಟಕ್ಕೆ ಮುರಿದವು ಎಂದು ಬರೆದಿಡುವುದು. ಇಪ್ಪತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಆದರೆ ಬೆಂಕಿ ಲೋಹಕ್ಕೆ ಏನು ಮಾಡುತ್ತದೆಂದು ನಾನು ಮೊದಲು ನೋಡಿದ್ದು ನಿಗಡಿಯ ಒಂದು ಚಾಳಿನ ಅಂಗಳದಲ್ಲಿ, ಅಪ್ಪನ ಇದ್ದಿಲೊಲೆ ಶೇಗಡಿಯ ಮುಂದೆ. ಆಗ ನನಗೆ ಹನ್ನೊಂದು ವರ್ಷ.

ಎಂಟು ಕೋಣೆಗಳ ಸಾಲು ಅದು, ಮೇಲೆ ತಗಡು. ಆರು ಕೋಣೆಗಳಲ್ಲಿ ನಮ್ಮ ಯಾದಗಿರಿ ಕಡೆಯವರು, ಎರಡರಲ್ಲಿ ಮರಾಠಿಯವರು. ಬೆಳಗಾಗುತ್ತಿದ್ದದ್ದು ಅವ್ವ ರೊಟ್ಟಿ ತಟ್ಟುವ ಸದ್ದಿನಿಂದ. ನಮ್ಮವರಷ್ಟೇ ಅಲ್ಲ, ಊರು ಬಿಟ್ಟು ಒಬ್ಬೊಬ್ಬರೇ ಬಂದು ದುಡಿಯುತ್ತಿದ್ದ ಕೆಲಸಗಾರರಿಗೂ ಅವಳೇ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಒಲೆಯ ಹೊಗೆ, ಹಸಿ ಹಿಟ್ಟಿನ ವಾಸನೆ, ತಗಡಿನ ಮೇಲೆ ಓಡುವ ಅಳಿಲಿನ ಕಾಲ ಸಪ್ಪಳ, ಇವೆಲ್ಲ ಸೇರಿದರೇನೇ ನನಗೆ ಮುಂಜಾನೆ. ಅಪ್ಪ ಒಂದು ಫೋರ್ಜಿಂಗ್ ಕಾರ್ಖಾನೆಯಲ್ಲಿ ಕಾದ ಕಬ್ಬಿಣವನ್ನು ದೊಡ್ಡ ಸುತ್ತಿಗೆಯ ಕೆಳಗೆ ಹಿಡಿಯುವ ಕೆಲಸಕ್ಕಿದ್ದ. ಅವನ ಹುಬ್ಬಿನ ಕೂದಲು ಯಾವಾಗಲೂ ಅರ್ಧ ಸುಟ್ಟಿರುತ್ತಿದ್ದವು. ಕಬ್ಬಿಣದ ಬಿಸಿಯನ್ನು ಅವನು ಕಣ್ಣಿಂದಲೇ ಅಳೆಯುತ್ತಿದ್ದ. ಮೊದಲು ಕಂದು, ಆಮೇಲೆ ದಾಳಿಂಬೆ ಕೆಂಪು, ಆಮೇಲೆ ಕಿತ್ತಳೆ. ಯಾವ ಬಣ್ಣಕ್ಕೆ ಹೊಡೆಯಬೇಕು, ಯಾವ ಬಣ್ಣಕ್ಕೆ ಬಿಡಬೇಕು ಎಂಬುದು ಅವನಿಗೆ ತನ್ನ ಮಕ್ಕಳ ಮುಖದಷ್ಟೇ ಪರಿಚಿತ. ಓದು ಬಾರದ ಅಪ್ಪನಿಗೆ ಅದೊಂದೇ ವಿದ್ಯೆ, ಅದರ ಮೇಲೆ ಅವನಿಗೆ ಬಹಳ ಅಭಿಮಾನ.

ನನಗಿಂತ ಏಳು ವರ್ಷಕ್ಕೆ ದೊಡ್ಡವಳಾದ ಅಕ್ಕ ಶರಣಮ್ಮನಿಗೆ ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಬಲಗಾಲು ಸೊರಗಿತ್ತು. ತೊಡೆಯಿಂದ ಬೂಟಿನವರೆಗೆ ಎರಡು ಕಬ್ಬಿಣದ ಪಟ್ಟಿ, ಮೊಣಕಾಲಿನ ಬಳಿ ಒಂದು ಕೊಂಡಿ, ತೊಡೆಗೂ ಮೀನಖಂಡಕ್ಕೂ ತೊಗಲಿನ ಪಟ್ಟೆ: ಅದೇ ಅವಳ ಕ್ಯಾಲಿಪರ್. ಎದ್ದು ನಿಂತಾಗ ಕೊಂಡಿ ಟಕ್ಕೆಂದು ಕೂರುತ್ತಿತ್ತು. ಆ ಸದ್ದನ್ನು ಕೇಳಿದರೆ ಸಾಕು, ಚಾಳಿನ ಮಕ್ಕಳೆಲ್ಲ ಅವಳ ಹಿಂದೆ. ಯಾಕೆಂದರೆ ಅವಳು ಎಲ್ಲರ ಮಾತನ್ನೂ ಅಣಕಿಸುತ್ತಿದ್ದಳು. ನೀರಿಗಾಗಿ ಜಗಳವಾಡುವ ಹೆಂಗಸರು, ಪಾಸು ಕೇಳುವ ಕಂಡಕ್ಟರು, ನಮ್ಮಪ್ಪನ ಮರಾಠಿ, ಯಾರನ್ನೂ ಬಿಡುತ್ತಿರಲಿಲ್ಲ. ಅಪ್ಪನೇ ನಕ್ಕೂ ನಕ್ಕೂ ಕೆಮ್ಮುತ್ತಿದ್ದ. ಕ್ಯಾಲಿಪರಿನ ಕಬ್ಬಿಣ ಆಗಾಗ ಸೊಟ್ಟಗಾಗುತ್ತಿತ್ತು. ಅಪ್ಪ ಭಾನುವಾರ ಅದನ್ನು ಶೇಗಡಿಯ ಕೆಂಡದಲ್ಲಿಟ್ಟು, ದಾಳಿಂಬೆ ಬಣ್ಣಕ್ಕೆ ತಂದು, ರೈಲು ಹಳಿಯ ತುಂಡಿನ ಮೇಲೆ ಬಡಿದು ನೆಟ್ಟಗೆ ಮಾಡಿಕೊಡುತ್ತಿದ್ದ. ಅದಕ್ಕೇನೂ ಆಗುತ್ತಿರಲಿಲ್ಲ, ವರ್ಷಗಟ್ಟಲೆ ಬಾಳಿತು.

ಅಕ್ಕ ಹತ್ತನೇ ತರಗತಿ ಮುಗಿಸಿ, ಎರಡು ಬಸ್ಸು ಬದಲಿಸಿ ಸದಾಶಿವ ಪೇಠಕ್ಕೆ ಟೈಪಿಂಗ್ ಕಲಿಯಲು ಹೋಗತೊಡಗಿದಳು. ಹಳೆಯ ಕಾಲದ ದೊಡ್ಡ ಮನೆ, ವಾಡೆ, ಅದರ ಎರಡನೇ ಮಹಡಿ, ಕಡಿದಾದ ಮರದ ಮೆಟ್ಟಿಲು. ಅದೇ ವಾಡೆಯ ಕೆಳಗೆ ಕಚೇರಿಯಿದ್ದ ವಕೀಲರು ಅವಳ ಬೆರಳಿನ ವೇಗ ನೋಡಿ, ಪರೀಕ್ಷೆ ಪಾಸಾದರೆ ಕೆಲಸಕ್ಕೆ ಬಾ ಎಂದಿದ್ದರು. ಆ ವರ್ಷವೇ ಕೃತಕ ಕಾಲು, ಕ್ಯಾಲಿಪರ್ ಮಾಡಿಕೊಡುವ ಆಸ್ಪತ್ರೆಯ ಕಾರ್ಖಾನೆಯಿಂದ ಅವಳಿಗೆ ಹೊಸ ಕ್ಯಾಲಿಪರ್ ಸಿಕ್ಕಿತು. ಬಿಳಿಯ, ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹದ್ದು. ಮೊದಲ ದಿನ ಅದನ್ನು ಹಾಕಿಕೊಂಡು ಅವಳು ಚಾಳಿನ ಈ ತುದಿಯಿಂದ ಆ ತುದಿಗೆ ಹೋಗಿಬಂದು, "ತಂಗಿ, ಕಾಲಿಗಿ ಏನೂ ಕಟ್ಟೇ ಇಲ್ಲ ಅನಸ್ತದ" ಎಂದಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮುಂದೆ ಯಾವತ್ತೂ ನೋಡಲಿಲ್ಲ.

ಪರೀಕ್ಷೆ ಮಂಗಳವಾರ ಇತ್ತು. ಅದಕ್ಕೂ ಮೊದಲಿನ ಶುಕ್ರವಾರ ಬಸ್ಸಿಳಿಯುವಾಗ ನೂಕುನುಗ್ಗಲಿನಲ್ಲಿ ಅವಳ ಕ್ಯಾಲಿಪರ್ ಮೆಟ್ಟಿಲ ಸಂದಿಗೆ ಸಿಕ್ಕಿ, ಹೊರಗಿನ ಪಟ್ಟಿ ಮೊಣಕಾಲಿನ ಮೇಲ್ಭಾಗದಲ್ಲಿ ಬಾಗಿಬಿಟ್ಟಿತು. ಆಸ್ಪತ್ರೆಯ ಕಾರ್ಖಾನೆ ತೆರೆಯುವುದು ಬುಧವಾರ. ಅಕ್ಕ ಅಪ್ಪನ ಮುಂದೆ ಅದನ್ನಿಟ್ಟು, "ಅಪ್ಪಾ, ನೀನೇ ಮಾಡಿಕೊಡು" ಎಂದಳು. ಅವ್ವ ಒಂದು ಮಾತು ಅಂದಳು: "ಅದು ಬ್ಯಾರೆ ನಮೂನಿ ಅದ, ಕೇಳಿ ಮಾಡ್ರಿ." ಅಪ್ಪ ನಕ್ಕ. "ಮೂವತ್ತು ವರ್ಷ ಬೆಂಕಿ ಮುಂದ ನಿಂತೀನಿ. ನನಗ ಯಾರು ಹೇಳಬೇಕು?"

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಶೇಗಡಿ ಹೊತ್ತಿಸಿದ. ನಾನು ಬೀಸಣಿಕೆ ಹಿಡಿದು ಗಾಳಿ ಹಾಕುತ್ತಿದ್ದೆ. ಅಪ್ಪ ಪಟ್ಟಿಯನ್ನು ಕೆಂಡದ ಮೇಲಿಟ್ಟು ಬಣ್ಣಕ್ಕಾಗಿ ಕಾದ. ಬಣ್ಣ ಬರಲಿಲ್ಲ. ಇನ್ನಷ್ಟು ಗಾಳಿ ಹಾಕು ಎಂದ, ಹಾಕಿದೆ. ಆ ಲೋಹ ಹಾಗೇ ಬೆಳ್ಳಗೆ, ಏನೂ ಆಗದಂತೆ ಕೂತಿತ್ತು. ಅಷ್ಟರಲ್ಲಿ ಮೇಲಿನ ತೊಗಲಿನ ಪಟ್ಟೆಯ ಅಂಚು ಹೊತ್ತಿ ವಾಸನೆ ಬಂತು. ಅಪ್ಪ ಗಡಬಡಿಸಿ ಇಕ್ಕಳದಿಂದ ಅದನ್ನು ಹೊರಗೆಳೆದು ಹಳಿಯ ಮೇಲಿಟ್ಟು ತಟ್ಟಿದ. ಮೂರೇ ಏಟು. "ನೋಡವ್ವಾ, ಬೆಣ್ಣಿ ಹಂಗ ಬರ್ತದ!" ಎಂದು ನನ್ನತ್ತ ತಿರುಗಿ ಹಲ್ಲು ಕಿರಿದ. ಪಟ್ಟಿ ಗೆರೆ ಎಳೆದ ಹಾಗೆ ನೆಟ್ಟಗಾಗಿತ್ತು. ಆರಿದ ಮೇಲೆ ಅಕ್ಕ ಅದನ್ನು ಕಟ್ಟಿಕೊಂಡು ನಿಂತಳು. ಒಮ್ಮೆ ಬಗ್ಗಿ ಮೊಣಕಾಲಿನತ್ತ ನೋಡಿ, "ಭಾಳ ಛಲೋ ಆಗ್ಯದಪ್ಪಾ" ಎಂದಳು. ಅಪ್ಪ ಬೆವರೊರೆಸಿಕೊಂಡು ಆ ದಿನವೆಲ್ಲ ಅಂಗಳದಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದ.

ಮಂಗಳವಾರ ನಾನೂ ಅವಳ ಜೊತೆಗೆ ಹೋಗಿದ್ದೆ, ಅವಳ ಚೀಲ ಹಿಡಿದುಕೊಂಡು. ವಾಡೆಯ ಮೆಟ್ಟಿಲನ್ನು ಅವಳು ಹತ್ತುತ್ತಿದ್ದುದು ಕಟಕಟೆ ಹಿಡಿದು, ಒಂದೊಂದೇ. ಹನ್ನೆರಡನೆಯದೋ ಹದಿಮೂರನೆಯದೋ ಇರಬೇಕು. ಮುರಿದ ಸದ್ದು ಬರಲಿಲ್ಲ. ಪಟ್ಟಿ ನಿಧಾನಕ್ಕೆ, ಒದ್ದೆ ರಟ್ಟಿನ ಹಾಗೆ ಮಡಚಿಕೊಂಡಿತು, ಅವಳು ನನ್ನ ಪಕ್ಕದಿಂದಲೇ ಜಾರಿ ಕೆಳಗೆ ಹೋದಳು. ಮೇಲಿನಿಂದ ಟೈಪ್ ಯಂತ್ರಗಳ ಸದ್ದು ಹಾಗೇ ಕೇಳುತ್ತಿತ್ತು. ವಕೀಲರ ಕಚೇರಿಯವರು ಓಡಿಬಂದು ಅವಳನ್ನು ರಿಕ್ಷಾದಲ್ಲಿ ಮಲಗಿಸಿದರು. ಸೊರಗಿದ ಕಾಲಿನ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು.

ಅಪ್ಪ ನನ್ನನ್ನು ಕರೆದುಕೊಂಡು ಆಸ್ಪತ್ರೆಯ ಕಾರ್ಖಾನೆಗೆ ಹೋದದ್ದು ಮರುದಿನ. ಕ್ಯಾಲಿಪರ್ ಮಾಡಿಕೊಟ್ಟ ಮಿಸ್ತ್ರಿ ವಯಸ್ಸಾದ ಮರಾಠಿಯವನು, ಅವನಿಗೂ ಒಂದು ಕಾಲು ಮರದ್ದು. ಅಪ್ಪ ತನ್ನ ಮುರುಕು ಮರಾಠಿಯಲ್ಲಿ ಕೂಗಾಡಿದ; ಹಗುರ ಹಗುರ ಎಂದು ಕಳಪೆ ಮಾಲು ಕೊಟ್ಟು ನನ್ನ ಮಗಳನ್ನು ಕೆಡವಿದೆ ಎಂದ. ಮಿಸ್ತ್ರಿ ಮಡಚಿದ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದ. ತೊಗಲಿನ ಕರಕಲು ಅಂಚಿನ ಮೇಲೆ ಬೆರಳಾಡಿಸಿದ. ಅಪ್ಪನ ಮುಖ ನೋಡಿದ, ಅವನ ಅರ್ಧ ಸುಟ್ಟ ಹುಬ್ಬುಗಳನ್ನು ನೋಡಿದ, ನನ್ನನ್ನೂ ನೋಡಿದ. ಆಮೇಲೆ ಕೈಮುಗಿದು, "ಮಾಝೀಚ್ ಚೂಕ್ ಝಾಲೀ, ಭಾವು" ಎಂದ. ನನ್ನದೇ ತಪ್ಪಾಯಿತು ಅಣ್ಣಾ, ಮಾಲು ಸರಿ ಇರಲಿಲ್ಲ ಎಂದ. ಅಪ್ಪನ ಕೂಗು ಅಲ್ಲಿಗೇ ನಿಂತುಹೋಯಿತು. ಹಿಂದಿರುಗುವ ಬಸ್ಸಿನಲ್ಲಿ ಅವನು ಕಿಟಕಿಯ ಕಡೆಗೆ ತಿರುಗಿ ಕೂತಿದ್ದ.

ಮೂಳೆ ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಅಕ್ಕ ಮತ್ತೆ ಮೆಟ್ಟಿಲು ಹತ್ತಲಿಲ್ಲ. ವಕೀಲರ ಕಚೇರಿಗೆ ಬೇರೆ ಯಾರೋ ಬಂದರು. ಚಾಳಿನ ಹೆಂಗಸರ ಕುಪ್ಪಸಗಳಿಗೆ ಕೈಹೊಲಿಗೆ ಹಾಕುತ್ತ, ನನ್ನ ಪಾಠ ಕೇಳುತ್ತ ಆ ಕೋಣೆಯಲ್ಲೇ ಕೂತಳು. ಅಣಕಿಸುವುದನ್ನು ಬಿಟ್ಟಳು. ಅಪ್ಪ ಶೇಗಡಿಯನ್ನು ಯಾರಿಗೋ ಕೊಟ್ಟುಬಿಟ್ಟ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಡಿಪ್ಲೊಮಾದ ಎರಡನೇ ವರ್ಷ ಪ್ರಯೋಗಾಲಯದಲ್ಲಿ ಮೇಷ್ಟ್ರು ಒಂದೇ ರೀತಿಯ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ನಮ್ಮ ಕೈಗೆ ಕೊಟ್ಟರು. ಒಂದನ್ನು ಯಾರಿಂದಲೂ ಬಾಗಿಸಲಾಗಲಿಲ್ಲ. ಇನ್ನೊಂದು ನನ್ನ ಕೈಯಲ್ಲೇ ಮಡಚಿಕೊಂಡಿತು. ಅದನ್ನು ಅರ್ಧ ಗಂಟೆ ಕಾಯಿಸಲಾಗಿತ್ತು, ಅಷ್ಟೇ. ಈ ಲೋಹ ಕಬ್ಬಿಣದ ಹಾಗೆ ಕೆಂಪಾಗುವುದಿಲ್ಲ, ಕೆಂಪಾಗುವ ಮೊದಲೇ ಕರಗುತ್ತದೆ. ಅದಕ್ಕೂ ಬಹಳ ಮೊದಲೇ ತನ್ನ ಗಟ್ಟಿತನವನ್ನು ಕಳೆದುಕೊಂಡಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ ಎಂದು ಮೇಷ್ಟ್ರು ಹೇಳುತ್ತಿದ್ದರು. ನಾನು ಆ ಪಟ್ಟಿಯನ್ನು ಹಿಡಿದುಕೊಂಡೇ ಅಳತೊಡಗಿದೆ. ಆ ಮಿಸ್ತ್ರಿ ಸುಳ್ಳು ಹೇಳಿದ್ದ. ಹೆಬ್ಬೆರಳು ಒತ್ತಿದಾಗಲೇ ಆ ಪಟ್ಟಿ ಬೆಂಕಿ ಕಂಡಿದೆಯೆಂದು ಅವನಿಗೆ ತಿಳಿದಿತ್ತು.

ಮನೆಗೆ ಬಂದು, ಅಪ್ಪ ಕೆಲಸಕ್ಕೆ ಹೋಗಿದ್ದಾಗ ಅಕ್ಕನಿಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ನಿಲ್ಲಿಸಲಿಲ್ಲ.

"ನನಗ ಗೊತ್ತಿತ್ತು" ಎಂದಳು. "ಭಾನುವಾರ ಕಟ್ಕೊಂಡು ನಿಂತಾಗೇ ಗೊತ್ತಾಗಿತ್ತು. ಅದು ಜರಾ ಕುಸೀತು. ಅಪ್ಪ ಮುಂದ ನಿಂತಿದ್ದ, ಬೆವರಾಗಿ ನಗಕೋತ. ಏನಂತ ಹೇಳಲಿ?"

"ಅಕ್ಕಾ, ಹೇಳಿದ್ದರ..."

"ಪರೀಕ್ಷಾದ ಒಂದಿನ ತಡೀತದ ಅನಕೊಂಡೆ. ತಡೀಲಿಲ್ಲ." ದಾರದ ತುದಿಯನ್ನು ಹಲ್ಲಿನಿಂದ ಕಡಿದಳು. "ಅಪ್ಪಗ ಮಾತ್ರ ಹೇಳಬ್ಯಾಡ. ನನ್ನ ಆಣಿ ಅದ."

ಅಕ್ಕ ತೀರಿಕೊಂಡಾಗ ಅವಳಿಗೆ ಮೂವತ್ತನಾಲ್ಕು. ಎದೆಯಲ್ಲಿ ಕಫ ಕಟ್ಟಿ, ಎಂಟೇ ದಿನದ ಜ್ವರ. ಕೂತಲ್ಲೇ ಕೂತು ಕೂತು ಎದೆಯ ಬಲ ಹೋಗಿತ್ತು ಎಂದರು ಡಾಕ್ಟರು. ಮರುವರ್ಷ ಅವ್ವ. ಅಪ್ಪ ನನ್ನ ಜೊತೆಗೆ ಬಂದು ಇದ್ದ. ಅವನ ಶ್ವಾಸಕೋಶವೂ ಹೊಗೆ ಕುಡಿದು ದಣಿದಿತ್ತು. ಒಂದು ಮಧ್ಯಾಹ್ನ ನಾನು ಅವನಿಗೆ ಗಂಜಿ ಕುಡಿಸುತ್ತಿದ್ದೆ. ಅವನು ಚಮಚವನ್ನು ತಡೆದು ಕೇಳಿದ:

"ಯವ್ವಾ, ನೀ ಇದನ್ನೇ ಓದೀದಿ. ಆ ಬಿಳೀ ಲೋಹ ಬೆಂಕೀಗಿ ತಾಳತದೇನು?"

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಆ ಪ್ರಶ್ನೆಯನ್ನು ಬಾಯೊಳಗೇ ಇಟ್ಟುಕೊಂಡಿದ್ದ. ನಾನು ಬಟ್ಟಲನ್ನು ನೋಡುತ್ತ, "ಆವಾಗಿನ ಮಾಲೇ ಸರಿ ಇದ್ದಿಲ್ಲಪ್ಪಾ" ಎಂದೆ.

ಅಪ್ಪ ನನ್ನ ಮುಖವನ್ನೇ ನೋಡಿದ. ಅವನ ಕಣ್ಣಿನಂಚಿನಲ್ಲಿ ನೀರಿತ್ತೋ, ಅಥವಾ ಅವನ ಕಣ್ಣು ಹಾಗೇ ಇರುತ್ತಿತ್ತೋ ತಿಳಿಯದು. "ಆ ಮಿಸ್ತ್ರೀನೂ ಹಿಂಗೇ ಅಂದಿದ್ದ" ಎಂದ. "ಇದೇ ದನೀಲೇ."

ಆಮೇಲೆ ಗಂಜಿ ಬೇಡವೆಂದು ಗೋಡೆಯ ಕಡೆಗೆ ಹೊರಳಿದ. ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಾನು ಕೂತಿದ್ದೆ. ಒಂದು ಮಾತು ನಾಲಿಗೆಯವರೆಗೂ ಬಂದಿತ್ತು. ಅಕ್ಕನಿಗೂ ಗೊತ್ತಿತ್ತಪ್ಪಾ, ಗೊತ್ತಿದ್ದೇ ಅದನ್ನು ಕಟ್ಟಿಕೊಂಡು ಹೋದಳು, ನಿನ್ನ ಮೇಲೆ ಅವಳಿಗೆ ಒಂದು ದಿನವೂ ಸಿಟ್ಟಿರಲಿಲ್ಲ. ಆದರೆ ಆಣೆ ಇತ್ತು. ಅಪ್ಪನಿಗೆ ನಿದ್ದೆ ಬಂದಂತಿತ್ತು. ನಾಳೆ ಹೇಳಿದರಾಯಿತು ಎಂದು ಬಟ್ಟಲು ತೊಳೆಯಲು ಎದ್ದೆ. ಹೇಳುವ ಮೊದಲೇ, ಆ ವಾರದಲ್ಲೇ ಅಪ್ಪ ಹೋದ.

ನೀವೂ ಯಾರನ್ನಾದರೂ ಹೀಗೆ ಕಳೆದುಕೊಂಡಿದ್ದರೆ ನಿಮಗೆ ಗೊತ್ತಿರುತ್ತದೆ, ಸತ್ತವರಿಗಾಗಿ ಅಳುವುದು ಒಂದು ದಿನ ಮುಗಿಯುತ್ತದೆ. ಮುಗಿಯದೆ ಉಳಿಯುವುದು ಬೇರೆ. ಹತ್ತು ಅಡಿಯ ಒಂದೇ ಕೋಣೆಯಲ್ಲಿ ಅಪ್ಪ ಮತ್ತು ಅಕ್ಕ ಹದಿನಾರು ವರ್ಷ ಒಬ್ಬರಿಗೊಬ್ಬರು ಬೆನ್ನು ಮಾಡಿ ಮಲಗಿದರು. ಅವಳನ್ನು ಕೆಡವಿದ್ದು ಅಪ್ಪನ ಬೆಂಕಿಯೇ ಎಂದು ಇಬ್ಬರಿಗೂ ತಿಳಿದಿತ್ತು, ಅದು ಇನ್ನೊಬ್ಬರಿಗೆ ತಿಳಿಯಬಾರದು ಎಂದು ಇಬ್ಬರೂ ಕಾಯ್ದರು. ಇಬ್ಬರ ನಡುವೆ ಮಲಗುತ್ತಿದ್ದವಳು ನಾನು.